ಮೇಷ್ಟ್ರ ಪುಸ್ತಕದಲ್ಲಿ ಹುಳ ಗೂಡು ಕಟ್ಟಿದ ವರ್ಷ

ಒದ್ದೆ ಪೇಪರಿನ ವಾಸನೆ ಬಂದರೆ ನನಗೆ ಈಗಲೂ ನಗು ಬರುತ್ತೆ. ಒಳ್ಳೇ ನಗು ಅಲ್ಲ, ಹಲ್ಲು ಕಚ್ಚಿಕೊಂಡು ನಗೋ ನಗು.

ಮೊನ್ನೆ ಯಳಂದೂರಿನ ಮಗಳ ಮನೆಯಲ್ಲಿ ಹಾಗೇ ಆಯ್ತು. ಮಳೆ ನೀರು ಅಟ್ಟಕ್ಕೆ ಸೋರಿ, ಕಟ್ಟಿಟ್ಟಿದ್ದ ಹಳೇ ಪೇಪರೆಲ್ಲ ನೆನೆದು ಮುದ್ದೆಯಾಗಿತ್ತು. ಮಗಳು ಅದನ್ನು ಇಳಿಸಿ ಅಂಗಳಕ್ಕೆ ಎಸೆಯುತ್ತಾ, "ಅಮ್ಮ, ಇನ್ಮೇಲೆ ಬೇಕಾದ್ದು ಬಿಟ್ಟು ಮನೇಲಿ ಒಂದು ಕಡ್ಡೀನೂ ಇಟ್ಕೊಳಲ್ಲ. ಮುಟ್ಟದೇ ಇರೋ ಸಾಮಾನೆಲ್ಲ ತಲೆ ಮೇಲಿನ ಭಾರವಂತೆ, ಪೇಪರ್ನಲ್ಲಿ ಬರ್ದಿದ್ರು" ಅಂದಳು. ಮೂಗಿಗೆ ಆ ವಾಸನೆ, ಕಿವಿಗೆ ಈ ಮಾತು. ನನಗೆ ಮೈಯೆಲ್ಲ ಉರಿದುಹೋಯ್ತು. "ಎಸೆಯೋಕೆ ಮುಂಚೆ ಯಾರ ಸಾಮಾನು ಅಂತ ಕೇಳಿ ಎಸಿ" ಅಂದೆ. ಅವಳು ನನ್ನ ಮುಖ ನೋಡಿದಳು. ಪಾಪ, ಎಂಬತ್ತೇಳನೇ ಇಸವಿಯಲ್ಲಿ ಅವಳಿನ್ನೂ ಅಂಬೆಗಾಲಿಡೋ ಕೂಸು. ಅವರಪ್ಪನ ಪ್ರತಾಪ ಅವಳಿಗೆ ಹೇಗೆ ಗೊತ್ತಾಗಬೇಕು?

ಆಗ ನಾವು ಇದ್ದದ್ದು ಕಾಮಗೆರೆಯಲ್ಲಿ. ನಮ್ಮೆಜಮಾನರು ಹನೂರಿನ ಸ್ಕೂಲಿನಲ್ಲಿ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರೋರು. ಊರೋರಿಗೆಲ್ಲ ಅವರು ಮೇಷ್ಟ್ರು, ನನಗೂ ಮೇಷ್ಟ್ರೇ. ನನ್ನ ತೌರು ರಾಮಾಪುರದ ಕಡೆ. ಮಳೆ ಬಂದರೆ ರಾಗಿ, ಬರದಿದ್ದರೆ ಆಕಾಶ ನೋಡೋ ಊರು. ಕಾಮಗೆರೆಗೆ ಬಂದಾಗ ಇವರ ಮನೆಯದೊಂದು ಬಾವಿ ಇರೋ ತುಂಡು ಹೊಲ ಬೀಳು ಬಿದ್ದಿತ್ತು. ನೀರಿರೋ ಹೊಲವನ್ನ ಹಾಳು ಬಿಟ್ಟಿದ್ದು ನೋಡಿ ನನಗೆ ತಡೆಯೋಕಾಗಲಿಲ್ಲ. ಸೊಂಟಕ್ಕೆ ಸೆರಗು ಸಿಗಿಸಿ, ಹಿಪ್ಪುನೇರಳೆ ಕಡ್ಡಿ ನೆಟ್ಟು, ಸೊಪ್ಪು ಬರಿಸಿ, ರೇಷ್ಮೆ ಹುಳ ಸಾಕೋಕೆ ಶುರು ಮಾಡಿದೆ. ಆ ತೋಟ ಒಂದೇ ಆ ಮನೆಯಲ್ಲಿ ನನ್ನದು ಅನ್ನಿಸುವಂಥದ್ದು. ಮಿಕ್ಕಿದ್ದೆಲ್ಲ ಅವರದು, ಅವರಪ್ಪನದು, ಅವರಜ್ಜನದು.

ಹುಳ ಸಾಕೋ ಮನೆ ಹೇಗಿರುತ್ತೆ ಅಂತ ಕಂಡೋರಿಗೇ ಗೊತ್ತು. ನಡುಮನೆಯಲ್ಲಿ ಹುಳದ ತಟ್ಟೆಗಳ ಸ್ಟ್ಯಾಂಡು. ಮನುಷ್ಯರು ಮಲಗೋದು ಜಗಲಿ ಮೇಲೆ, ಅಡಿಗೆಮನೇಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಹುಳಕ್ಕೆ ಬೆಚ್ಚಗಿರಬೇಕು, ಗಾಳಿ ಬೇಕು, ಘಾಟು ಕೂಡದು. ಮೇಷ್ಟ್ರಿಗೆ ಇದು ಮೊದಲಿಂದಲೂ ಆಗುತ್ತಿರಲಿಲ್ಲ. ಮೂಗಿಗೆ ಟವಲು ಹಿಡಿದುಕೊಂಡೇ ನಡುಮನೆ ದಾಟೋರು. ದಾಟಿ ಎಲ್ಲಿಗೆ ಹೋಗೋರು? ಅವರ ಓದೋ ಕೋಣೆಗೆ. ಅದರೊಳಗೆ ಗಾಜಿನ ಬಾಗಿಲಿನ ಬೀರು, ಬೈಂಡು ಹಾಕಿಸಿದ ವಾರಪತ್ರಿಕೆ, ಸೂರಿನ ತನಕ ಪೇರಿಸಿಟ್ಟ ಪೇಪರ್ ಕಟ್ಟು, ಬೆತ್ತದ ಕುರ್ಚಿ. ಆ ಕೋಣೆಯನ್ನು ನಾನು ಗುಡಿಸಬಹುದಿತ್ತು, ಅಷ್ಟೇ. ಒಂದು ಹಾಳೆ ಅತ್ತ ಇತ್ತ ಆದರೂ ರಂಪ.

ಆ ವರ್ಷ ದಸರಾ ರಜದಲ್ಲಿ ಮೈಸೂರಿನ ಕಡೆ ಎಲ್ಲೋ ಒಂದು ಶಿಬಿರ ಅಂತ ಹೋದರು. ಸರಳವಾಗಿ ಬದುಕೋದು ಹೇಗೆ ಅಂತ ಹೇಳಿಕೊಡೋ ಶಿಬಿರವಂತೆ. ಹೋದಾಗ ಗಂಡ, ವಾಪಸ್ಸು ಬಂದಾಗ ಸನ್ಯಾಸಿ. ಬಸ್ಸಿಳಿದು ಬಂದೋರು ಕಾಲು ತೊಳೆಯೋಕೆ ಮುಂಚೆಯೇ ಮನೆಯನ್ನೆಲ್ಲ ಒಂದು ಸುತ್ತು ನೋಡಿ, "ಮಾದೇವಿ, ಇಷ್ಟೊಂದು ಸಾಮಾನು ಯಾಕೆ ನಮಗೆ?" ಅಂದರು.

"ನಿಮ್ಮವ್ವ ಕೊಟ್ಟಿದ್ದು ಅರ್ಧ, ನಮ್ಮವ್ವ ಕೊಟ್ಟಿದ್ದು ಅರ್ಧ. ನಂದೇನದೆ?" ಅಂದೆ.

"ಒಂದು ತಿಂಗಳು ಕೈಯಲ್ಲಿ ಮುಟ್ಟದ ವಸ್ತು ಮನೇಲಿ ಇರಬಾರದು. ಇಲ್ಲದೋರಿಗೆ ಕೊಡಬೇಕು. ಬೇಕಾದಾಗ ಬಾಡಿಗೆಗೆ ತಂದ್ರಾಯ್ತು."

ಏನೋ ಎರಡು ದಿನದ ಹುಚ್ಚು, ಇಳಿಯುತ್ತೆ ಅಂದುಕೊಂಡೆ. ಇಳಿಯಲಿಲ್ಲ. ನಾನು ತೌರಿಂದ ತಂದಿದ್ದ ತಾಮ್ರದ ಹಂಡೆ ಹೋಯ್ತು. ಹಬ್ಬಕ್ಕೆ ಮಾತ್ರ ಇಳಿಸುತ್ತಿದ್ದ ಕೊಳಗ ಹೋಯ್ತು. ಬಾಣಂತನಕ್ಕೆ ಮಾಡಿಸಿದ್ದ ಮಂಚ ಹೋಯ್ತು. ತಟ್ಟೆ ಲೋಟದಲ್ಲಿ ತಲೆಗೊಂದು ಉಳಿಸಿ ಮಿಕ್ಕಿದ್ದೆಲ್ಲ ಹೋಯ್ತು. ಕೊಡುವಾಗಲೆಲ್ಲ ಜಗಲಿ ಮೇಲೆ ನಿಂತು, ನಾಲ್ಕು ಜನ ನೋಡೋ ಹಾಗೇ ಕೊಡೋರು. "ಮೇಷ್ಟ್ರು ದೇವ್ರಂಥೋರು ಕಣ್ಲಾ" ಅಂತ ಊರಿನ ಗಂಡಸರು ಹೊಗಳೋರು. ಹಂಡೆ ತಂದೋಳು ಒಲೆ ಮುಂದೆ ಕೂತು ಹೊಟ್ಟೆ ಉರಿದುಕೊಂಡಿದ್ದನ್ನು ಯಾರು ನೋಡಬೇಕು?

ಒಂದಿನ ಕೇಳೇಬಿಟ್ಟೆ. "ನಿಮ್ಮ ಕೋಣೆ ಯಾವಾಗ ಖಾಲಿ ಮಾಡ್ತೀರಿ? ಆ ಬೀರು ಬಾಗ್ಲು ತೆಗ್ದು ಎಷ್ಟು ವರ್ಷ ಆಯ್ತು?"

ಮೇಷ್ಟ್ರು ಕನ್ನಡಕ ತೆಗೆದು, ದಡ್ಡ ಹುಡುಗನಿಗೆ ಮಗ್ಗಿ ಹೇಳೋ ಥರ ಹೇಳಿದರು. "ಅದು ಸಾಮಾನಲ್ಲ ಕಣೇ. ಜ್ಞಾನ."

ಆವತ್ತೇ ಅಂದುಕೊಂಡೆ, ಇರು, ನಿನ್ನ ಜ್ಞಾನಕ್ಕೆ ಒಂದು ಗತಿ ಕಾಣಿಸ್ತೀನಿ ಅಂತ.

ಕೊನೆಗೆ ಅವರ ಕಣ್ಣು ಹುಳದ ಮೇಲೆ ಬಿತ್ತು. ಮನೆಯೆಲ್ಲ ಖಾಲಿಯಾದ ಮೇಲೆ ಎದ್ದು ಕಾಣುತ್ತಿದ್ದದ್ದು ನನ್ನ ತಟ್ಟೆ, ಸ್ಟ್ಯಾಂಡುಗಳೇ ತಾನೆ. "ಮನೇಲಿ ಮನುಷ್ಯರು ಇರಬೇಕೋ ಹುಳ ಇರಬೇಕೋ? ತೋಟ ಕಿತ್ತು ತೆಂಗಿನ ಸಸಿ ಹಾಕಿಸ್ತೀನಿ. ಅದಕ್ಕೆ ತಟ್ಟೆ ಬೇಡ, ಸ್ಟ್ಯಾಂಡು ಬೇಡ" ಅಂದರು. ನಾನು ಬಡಿದಾಡಿದೆ. ಅತ್ತು ಕರೆದೆ, ಎರಡು ಹೊತ್ತು ಒಲೆ ಹಚ್ಚಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದೆವು. ಕಾರ್ತಿಕದ ಬೆಳೆ ಒಂದು ನೋಡೋದು. ಗೂಡು ಚೆನ್ನಾಗಿ ಬಂದರೆ ತೋಟ ಉಳಿಯುತ್ತೆ, ಮತ್ತೆ ಅದರ ಸುದ್ದಿ ಎತ್ತೋ ಹಾಗಿಲ್ಲ. ಬೆಳೆ ಕೆಟ್ಟರೆ ನಾನೇ ಗುದ್ದಲಿ ಹಿಡಿದು ಬುಡ ಕೀಳಬೇಕು. ಪಕ್ಕದ ಮನೆ ಕೆಂಪಮ್ಮಕ್ಕನ ಎದುರಿಗೇ ಈ ಮಾತಾಯ್ತು. ಕೆಂಪಮ್ಮಕ್ಕ ಗಂಡ ಸತ್ತ ಮೇಲೆ ಹುಳ ಸಾಕಿಕೊಂಡೇ ಬದುಕಿದೋಳು.

ಆ ಕಾರ್ತಿಕದ ಮಳೆ ಮರೆಯೋ ಹಾಗಿಲ್ಲ. ಜೋರು ಮಳೆಯಾದರೆ ಬಂದು ಹೋಗುತ್ತೆ. ಇದು ಹಾಗಲ್ಲ, ಬೆಳಗಿಂದ ಸಂಜೆ ತನಕ ಜಿಟಿಜಿಟಿ. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ. ಸೊಪ್ಪು ಕುಯ್ದು ತಂದು, ನನ್ನ ಸೀರೆ ಹಾಸಿ, ಅದರ ಮೇಲೆ ಹರಡಿ, ಒಂದೊಂದೇ ಎಲೆ ಒರೆಸಿ ಹಾಕಿದ್ದೇನೆ. ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಒಂದೊಂದು ಜ್ವರ ಏಳುವಾಗಲೂ ನನಗೇ ಜ್ವರ ಬಿಟ್ಟಂಗಾಗೋದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋ ಸದ್ದಿದೆಯಲ್ಲ, ಸೋಗೆ ಮೇಲೆ ಸೋನೆ ಬಿದ್ದಂಗೆ, ಅದನ್ನು ಕೇಳಿಕೊಂಡು ನಿಂತರೆ ಬೇರೇನೂ ಬೇಡ ಅನ್ನಿಸೋದು. ಹುಳ ಒಂದೂ ಸಾಯಲಿಲ್ಲ ಅಂತಲ್ಲ, ಆದರೆ ಆ ಥಂಡಿಯಲ್ಲೂ ಅಷ್ಟು ದುಂಡಗೆ ಬೆಳೆದ ಹುಳ ಊರಲ್ಲೇ ಇರಲಿಲ್ಲ. ಕೆಂಪಮ್ಮಕ್ಕ ಬಂದು ನೋಡಿ, "ತ್ವಾಟ ಉಳೀತು ಕಣವ್ವ" ಅಂದಳು.

ಥಂಡಿಗೆ ಹುಳ ಹಣ್ಣಾಗೋದು ನಾಲ್ಕು ದಿನ ತಡವಾಯ್ತು. ಹುಳ ಮೈ ತುಂಬಿ, ಬಣ್ಣ ತಿರುಗಿ, ಸೊಪ್ಪು ಬಿಟ್ಟು ತಲೆ ಎತ್ತಿದರೆ ಹಣ್ಣಾಯ್ತು ಅಂತ ಲೆಕ್ಕ. ಆಗ ಅದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರ ಚಾಪೆ ಮೇಲೆ ಬಿದಿರ ಪಟ್ಟಿಯನ್ನೇ ಸುರುಳಿ ಸುತ್ತಿ ಕಟ್ಟಿರುತ್ತಾರೆ, ಅದೇ ಚಂದ್ರಿಕೆ. ಆ ಸುರುಳಿ ಸಂದಿಯಲ್ಲಿ ಕೂತು ಹುಳ ಗೂಡು ಕಟ್ಟುತ್ತೆ. ಬೆಳೆಯುದ್ದಕ್ಕೂ ಸುಮ್ಮನೆ ಗೋಡೆಗೆ ಒರಗಿರೋ ಸಾಮಾನದು. ಬೇಕಾಗೋದು ಕೊನೆಯ ಎರಡು ಮೂರು ದಿನ. ಆದರೆ ಆ ದಿನ ಅದಿಲ್ಲದಿದ್ದರೆ ಹುಳ ತಟ್ಟೆ ಅಂಚಿಗೆಲ್ಲ ಹರಿದಾಡಿ, ನೂಲು ಸುಮ್ಮನೆ ಉಗುಳಿ, ಸತ್ತುಹೋಗುತ್ತೆ.

ಶನಿವಾರ ಸಂಜೆ ಮೊದಲ ಹುಳ ತಲೆ ಎತ್ತಿತು. ಹಿಂದಿನ ಚಪ್ಪರಕ್ಕೆ ಹೋದೆ. ತೊಳೆದು ಒಣಗಿಸಿ ಒರಗಿಸಿದ್ದ ಚಂದ್ರಿಕೆ ಒಂದೂ ಇಲ್ಲ. ಗೋಡೆ ಮೇಲೆ ಅವು ಒರಗಿದ್ದ ಗುರುತು ಮಾತ್ರ ಇತ್ತು.

ಕೋಣೆ ಬಾಗಿಲಿಗೆ ಹೋಗಿ ನಿಂತೆ. "ಎಲ್ಲೋದ್ವು?"

"ಏನು?"

"ನನ್ನ ಚಂದ್ರಿಕೆ."

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಜ್ಜೀಪುರದ ಕಡೆ ಒಬ್ಬ ಹುಡುಗ ಹೊಸದಾಗಿ ಹುಳ ಮಾಡ್ತಾನಂತೆ, ಪಾಪ ಏನೂ ಇಲ್ಲ. ನೀನು ಹೊಲದಲ್ಲಿದ್ದಾಗ ಗಾಡಿ ತಂದಿದ್ದ, ಕೊಟ್ಟೆ. ಒಂದು ತಿಂಗಳಿಂದ ಮೂಲೇಲಿ ಬಿದ್ದಿದ್ವಲ್ಲ. ನಿನಗೆ ಬೇಕಾದ್ರೆ ಬಾಡಿಗೆಗೆ ಸಿಗುತ್ತೆ."

ಬೇಕಂತಲೇ ಕೊಟ್ಟರೋ, ತಿಳಿಯದೆ ಕೊಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ತಿಳಿಯದೆ ಕೊಟ್ಟರು ಅಂದರೆ ಇನ್ನೂ ಸಿಟ್ಟು ಬರುತ್ತೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಹೆಂಡತಿ ಮಾಡೋ ಕೆಲಸಕ್ಕೆ ಏನು ಬೇಕು ಅಂತ ತಿಳಿಯದೋನು ಇನ್ನೇನು ತಿಳಿದುಕೊಂಡಾನು?

ಬೆಳಕು ಹರಿಯುತ್ತಲೇ ಊರು ಸುತ್ತಿದೆ. ಬಾಡಿಗೆ ಚಂದ್ರಿಕೆ ಇಟ್ಟಿದ್ದೋರ ಮನೆಯಲ್ಲೂ ಇಲ್ಲ. ಕೆಂಪಮ್ಮಕ್ಕ ತನ್ನ ಹುಳ ಆಗಲೇ ಚಂದ್ರಿಕೆಗೆ ಬಿಟ್ಟಾಗಿತ್ತು. ತಲೆ ಚಚ್ಚಿಕೊಂಡಳು. "ಅಯ್ಯೋ ನಮ್ಮವ್ವ, ಊರ್ಗೆಲ್ಲಾ ಒಂದೇ ದಿಸ ಮರಿ ಬಂದವೆ, ಒಂದೇ ದಿಸ ಅಣ್ಣಾಯ್ತಾ ಅವೆ. ಯಾರವ್ವ ನಿಂಗೆ ಕೊಟ್ಟಾರು? ಒಣಕಡ್ಡಿ ಆಕನಾ ಅಂದ್ರೆ ಮಳೆಗೆ ಒಂದ್ ಕಡ್ಡಿಯಾದ್ರೂ ಒಣಗದಾ?"

ಮನೆಗೆ ಬಂದರೆ ಮೇಷ್ಟ್ರು ಇಲ್ಲ. ಇಸ್ತ್ರಿ ಜುಬ್ಬ ಹಾಕಿಕೊಂಡು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ. ಶಿಬಿರ ನಡೆಸಿದ ಹಿರಿಯರೊಬ್ಬರು ಮೂರು ಜನರನ್ನು ಕಟ್ಟಿಕೊಂಡು ಆವತ್ತು ನಮ್ಮ "ಸರಳ ಮನೆ" ನೋಡೋಕೆ ಬರೋರಿದ್ದರು. ಹೊತ್ತಿಗೆ ಸರಿಯಾಗಿ ಹಣ್ಣಾಗಿದ್ದರೆ ಅಷ್ಟೊತ್ತಿಗೆ ಹುಳದ ಗಲಾಟೆ ಮುಗಿದಿರೋದು ಅಂತ ಮೇಷ್ಟ್ರ ಲೆಕ್ಕ. ಓದೋ ಕೋಣೆಗೆ ಬೀಗ ಹಾಕಿ, ಬೀಗದ ಕೈ ಎಂದಿನ ಹಾಗೆ ದೇವರ ಗೂಡಿನಲ್ಲಿ ಇಟ್ಟಿದ್ದರು.

ತಟ್ಟೆ ನೋಡಿದೆ. ಹುಳವೆಲ್ಲ ತಲೆ ಎತ್ತಿ ಆಡಿಸುತ್ತಿವೆ, ಅಂಚಿಗೆ ಹರಿಯುತ್ತಿವೆ. ಒಂದೆರಡರ ಬಾಯಿಂದ ಎಳೆ ಬರೋಕೇ ಶುರುವಾಗಿದೆ. ಮಧ್ಯಾಹ್ನದೊಳಗೆ ಏನಾದರೂ ಮಾಡದಿದ್ದರೆ ಬೆಳೆ ಹೋಯ್ತು, ತೋಟ ಹೋಯ್ತು. ಬೀಗದ ಕೈ ನೋಡಿದೆ. ಸತ್ಯವಾಗಿ ಹೇಳ್ತೀನಿ, ಬೆಳೆ ಉಳಿಸಬೇಕು ಅನ್ನೋದು ಎಷ್ಟಿತ್ತೋ, ಈ ಮನುಷ್ಯನ ಕರುಳಿಗೆ ಕೈ ಹಾಕಬೇಕು ಅನ್ನೋದೂ ಅಷ್ಟೇ ಇತ್ತು.

ಪೇಪರ್ ಕಟ್ಟು ಎಳೆದು ನಡುಮನೆಗೆ ಹಾಕಿದೆ. ಒಂದೊಂದು ಹಾಳೆಯನ್ನೂ ಸೀರೆ ನೆರಿಗೆ ಹಿಡಿದಂಗೆ ಹಿಂದೆ ಮುಂದೆ ಮಡಿಚಿ, ತಟ್ಟೆಯಲ್ಲಿ ನಿಲ್ಲಿಸಿ, ನೆರಿಗೆ ಸಂದಿಗೆ ಹುಳ ಬಿಟ್ಟೆ. ಹಿಡಿದುಕೊಂಡವು! ಕೆಂಪಮ್ಮಕ್ಕನನ್ನು ಕೂಗಿದೆ. ಬಂದೋಳು ಕೆನ್ನೆಗೆ ಕೈ ಕೊಟ್ಟು ನಿಂತಳು. "ಮೇಷ್ಟ್ರು ಸಾಯಿಸ್ಬುಡ್ತರೆ ಕಣೇ" ಅಂದಳು. "ಸಾಯಿಸ್ಲಿ, ಮಡಚು" ಅಂದೆ. ಮಡಚಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೂ ಖುಷಿ ಹತ್ತಿ, ಹಾಡು ಹೇಳೋಕೇ ಶುರು ಮಾಡಿದಳು.

ಪೇಪರು ಸಾಲಲಿಲ್ಲ. ಬೀರು ತೆಗೆದೆ. ಬೈಂಡು ಹಾಕಿಸಿದ ದಪ್ಪ ಪುಸ್ತಕವನ್ನು ತೆರೆದು, ಹಾಳೆ ಬಿಚ್ಚಿಕೊಳ್ಳೋ ಹಾಗೆ ನಿಲ್ಲಿಸಿದರೆ, ಅಬ್ಬಾ, ಅದಕ್ಕಿಂತ ಒಳ್ಳೇ ಚಂದ್ರಿಕೆ ಇಲ್ಲ. ಹಾಳೆ ಹಾಳೆ ಮಧ್ಯೆ ಹುಳ ಬಿಡುತ್ತಾ ಹೋದೆ. ಗೂಡು ಕಟ್ಟೋಕೆ ಮುಂಚೆ ಹುಳ ಮೈಯೊಳಗಿನ ನೀರೆಲ್ಲ ಉಚ್ಚೆ ಹೊಯ್ದುಬಿಡುತ್ತೆ. ಅದು ಜ್ಞಾನದ ಮೇಲೆ ಹಳದಿ ಹಳದಿಯಾಗಿ ಇಳಿಯೋದನ್ನು ನಾನು ಕಣ್ತುಂಬ ನೋಡಿದೆ. ಬೆತ್ತದ ಕುರ್ಚಿಯ ತೂತಿಗೂ ಬಿಟ್ಟೆ.

ಬೀರುವಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಕಟ್ಟಿತ್ತು. ಬಿಚ್ಚಿದರೆ, ಮೇಷ್ಟ್ರು ಸಂಪಾದಕರಿಗೆ ಬರೆದ ಪತ್ರ ಅಚ್ಚಾಗಿದ್ದ ಪೇಪರುಗಳು. ನಾನು ಏಳನೇ ಕ್ಲಾಸು ಓದಿದೋಳು. ಹೆಸರು ಓದಿದೆ, ಊರು ಓದಿದೆ. ಪತ್ರವನ್ನೂ ಪೂರ್ತಿ ಓದಿದೆ. ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಗೆ ಗೌರವ ಕೊಡಬೇಕು ಅಂತ ಬರೆದಿದ್ದರು. ಆಮೇಲೆ ಮಡಿಚಿದೆ.

ಅವರು ಬರೋ ಹೊತ್ತಿಗೆ ನಾನು ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಮುಂದೆ, ಹಿಂದೆ ಬಿಳೀ ಗಡ್ಡದ ಹಿರಿಯರು, ಅವರ ಹಿಂದೆ ಮೂವರು. ಒಳಗೆ ಕಾಲಿಟ್ಟ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಹಿರಿಯರು ಬಗ್ಗಿ, ಪುಸ್ತಕದ ಹಾಳೆ ನಡುವೆ ತಲೆ ಆಡಿಸುತ್ತಿದ್ದ ಹುಳ ನೋಡಿ, "ಇದೇನು ತಾಯಿ?" ಅಂದರು.

ಸೆರಗು ಹೊದ್ದು, ತಗ್ಗಿದ ದನಿಯಲ್ಲಿ ಹೇಳಿದೆ. "ಒಂದು ತಿಂಗಳು ಕೈಯಲ್ಲಿ ಮುಟ್ಟದ್ದು ಮನೇಲಿರಬಾರದು ಅಂತ ನಮ್ಮೆಜಮಾನರು ಹೇಳ್ತಾರೆ ಸ್ವಾಮಿ. ಇವನ್ನ ಮುಟ್ಟಿ ವರ್ಷಗಟ್ಟಲೆ ಆಗಿತ್ತು. ಎಸೆಯೋಕೆ ಮನಸ್ಸು ಬರ್ಲಿಲ್ಲ, ಬಳಕೆಗೆ ತಂದೆ."

ಹಿರಿಯರು ತೆರೆದಿದ್ದ ಕೋಣೆ ನೋಡಿದರು, ಬರಿದಾದ ಬೀರು ನೋಡಿದರು, ನಡುಮನೆ ತುಂಬ ನೆರಿಗೆ ಹಿಡಿದು ನಿಂತಿದ್ದ ಪೇಪರು ನೋಡಿದರು. "ಮೇಷ್ಟ್ರೇ, ಇಷ್ಟು ಇಟ್ಟುಕೊಂಡಿದ್ರಾ? ಶಿಬಿರದಲ್ಲಿ ಹೇಳಲೇ ಇಲ್ಲವಲ್ಲ" ಅಂದರು. ಜೊತೆಗಿದ್ದೋರಲ್ಲಿ ಒಬ್ಬರು ಕೆಮ್ಮೋ ಹಾಗೆ ಮಾಡಿ ನಕ್ಕರು. ಮೇಷ್ಟ್ರ ಮುಖ ಸುಟ್ಟ ಬದನೆಕಾಯಿ. ಗದರೋ ಹಾಗಿಲ್ಲ, ಹುಳ ಕಿತ್ತು ಎಸೆಯೋ ಹಾಗಿಲ್ಲ, ಸರಳತೆ ಬೇಡ ಅನ್ನೋ ಹಾಗಿಲ್ಲ. ನೀರು ಕೊಡೋಕೆ ಇದ್ದದ್ದು ಎರಡೇ ಲೋಟ. ಇಬ್ಬರು ಕುಡಿದು, ನಾನು ತೊಳೆದು ತಂದು, ಇನ್ನಿಬ್ಬರು ಕುಡಿದರು. ಊಟವೂ ಹಾಗೇ, ಎರಡು ತಟ್ಟೆಯಲ್ಲಿ, ಸರದಿ ಮೇಲೆ. ಕೊನೆ ಸರದಿಗೆ ಮುದ್ದೆ ಕಲ್ಲಾಗಿತ್ತು. ಪಕ್ಕದ ಮನೆಯಿಂದ ತಟ್ಟೆ ತರಲೇ ಅಂತ ಮೇಷ್ಟ್ರು ಪಿಸುಗುಟ್ಟಿದರು. "ಇನ್ನೊಬ್ರ ಸಾಮಾನು ನಮಗ್ಯಾಕೆ?" ಅಂದೆ, ನಾಲ್ವರಿಗೂ ಕೇಳೋ ಹಾಗೆ. ಆವತ್ತು ನಾನು ಮೇಷ್ಟ್ರೊಡನೆ ಆಡಿದ ಮಾತು ಅದೇ ಕೊನೆ. ಆಮೇಲೆ ಬಾಯಿ ಹೊಲಿದುಕೊಂಡೆ.

ಗೂಡು ಕಟ್ಟೋವರೆಗೂ ಹುಳವನ್ನು ಅಲುಗಿಸೋ ಹಾಗಿಲ್ಲ. ಅಷ್ಟು ದಿನವೂ ಮೇಷ್ಟ್ರು ಜಗಲಿಯಲ್ಲಿ ಕೂತು, ಕಿಟಕಿಯಿಂದ ತಮ್ಮ ಪುಸ್ತಕ ನೋಡಿಕೊಂಡಿದ್ದರು. ಗೂಡು ಬಿಡಿಸಿದಾಗ ಒಂದಿಷ್ಟು ಕಲೆಯಾಗಿತ್ತು, ಒಂದಿಷ್ಟು ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು. ಮಿಕ್ಕಿದ್ದು ಕಲ್ಲಿನಂಗೆ ಗಟ್ಟಿ. ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗೆ ನಾನೂ ಕೆಂಪಮ್ಮಕ್ಕನೂ ಹೊತ್ತುಕೊಂಡು ಹೋದೆವು. ನೂಲು ತೆಗೆಯೋ ಸಾಹೇಬರೊಬ್ಬರು ಒಂದು ಗೂಡು ಎತ್ತಿ ಬೆಳಕಿಗೆ ಹಿಡಿದು, "ಏನಮ್ಮಾ, ಇದ್ರ ಮೇಲೆ ಅಕ್ಷರ ಇದ್ದಂಗಿದೆ?" ಅಂದರು. ಹುಳದ ಉಚ್ಚೆಗೆ ಒದ್ದೆಯಾದ ಪೇಪರಿನ ಮಸಿ, ಗೂಡಿನ ಮೇಲಿನ ಜುಂಗಿಗೆ, ಆ ಸಡಿಲ ಎಳೆಗೆ, ಅಂಟಿತ್ತು. "ಮೇಷ್ಟ್ರ ಮನೆ ಹುಳ ಸಾ, ಓದ್ಕಂಡವೆ" ಅಂದಳು ಕೆಂಪಮ್ಮಕ್ಕ. ಸಾಲಲ್ಲಿದ್ದೋರೆಲ್ಲ ನಕ್ಕರು. ಗೂಡು ಹರಾಜಾಯ್ತು, ಊರಲ್ಲಿ ಯಾರಿಗೂ ಕಡಿಮೆಯಿಲ್ಲದ ರೇಟಿಗೇ ಆಯ್ತು. ತೋಟ ಉಳಿಯಿತು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಮೇಷ್ಟ್ರು ಹೊಸ ಚಂದ್ರಿಕೆ ತರಿಸಿಕೊಡ್ತೀನಿ ಅಂತ ಗೋಡೆಗೆ ಹೇಳಿದಂಗೆ ಹೇಳಿದರು. ಕೆಂಪಮ್ಮಕ್ಕನ ಕೈಲಿ ಹೇಳಿಸಿದೆ: "ಹೊಸಾವು ಆ ಹುಡುಗ್ನಿಗೆ ಕಟ್ಸಿಕೊಡ್ಲಿ. ಅವಳವೇ ಅವಳಿಗೆ ಬೇಕಂತೆ. ಕೊಟ್ಟೋರೇ ಓಗಿ ಕೇಳಿ ತರ್ಬೇಕಂತೆ." ದಾನ ಕೊಟ್ಟದ್ದನ್ನು ವಾಪಸ್ಸು ಕೇಳೋಕೆ ಹೋಗೋದು ಎಂಥ ಮಾನಗೇಡು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿಸಿದ್ದು. ಮೇಷ್ಟ್ರು ಕೂಗಾಡಿದರು, ಊಟ ಬಿಟ್ಟರು. ನಾನು ಮಾತೇ ಆಡಲಿಲ್ಲ. ಮಾತಿಲ್ಲದ ಮನೆಯಲ್ಲಿ ಎಷ್ಟು ದಿನ ಇದ್ದಾರು? ಒಂದು ಭಾನುವಾರ ಹೋದರು. ಮಧ್ಯಾಹ್ನದ ಹೊತ್ತು ಎತ್ತಿನ ಗಾಡಿ ತುಂಬ ಚಂದ್ರಿಕೆ ಹೇರಿಸಿಕೊಂಡು, ಅದರ ಮೇಲೆ ಕೊಡೆ ಹಿಡಿದು ಕೂತು, ಊರ ನಡುವೆಯೇ ಬಂದರು. "ಕೊಟ್ಟದ್ದ ಈಸ್ಕಂಡ್ ಬಂದ್ರಾ ಸಾ?" ಅಂತ ಟೀ ಅಂಗಡಿಯಿಂದ ಯಾರೋ ಕೇಳಿದ್ದು ನನಗೆ ಜಗಲಿವರೆಗೂ ಕೇಳಿಸಿತು.

ಬೇರೆ ಮನೆ ಸುತ್ತಿ ಬಂದ ಚಂದ್ರಿಕೆಯನ್ನು ಹಾಗೇ ಒಳಗೆ ತರೋ ಹಾಗಿಲ್ಲ, ರೋಗ ಬರುತ್ತೆ. ಬಾವಿಕಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ಕದಡಿಟ್ಟು, ತೆಂಗಿನ ನಾರು ಪಕ್ಕದಲ್ಲಿ ಇಟ್ಟು, ನಾನು ಕಟ್ಟೆ ಮೇಲೆ ಕೂತೆ. ಮೇಷ್ಟ್ರು ನನ್ನ ಮುಖ ನೋಡಿದರು, ನಾರು ನೋಡಿದರು. ಜುಬ್ಬ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತರು. ಸುರುಳಿ ಸುರುಳಿಯಲ್ಲೂ ಬೆರಳು ತೂರಿಸಿ ಉಜ್ಜಿದರು. ಘಾಟಿಗೆ ಕಣ್ಣಲ್ಲಿ ನೀರು. ಬೆರಳಿಗೆ ಬಿದಿರ ಸಿಬಿರು ಚುಚ್ಚಿ ರಕ್ತ ಬಂತು, ಚೀಪಿಕೊಂಡು ಮತ್ತೆ ಉಜ್ಜಿದರು. ಬಿಸಿಲಿಳಿಯೋ ಹೊತ್ತಿಗೆ ಎಲ್ಲವೂ ಸಾಲಾಗಿ ಗೋಡೆಗೆ ಒರಗಿದವು. ಸೊಂಟ ಹಿಡಿದುಕೊಂಡು ಎದ್ದು, "ಮಾದೇವಿ, ಸಾಕಲ್ಲವಾ? ಈಗಲಾದ್ರೂ ಒಂದು ಮಾತಾಡೇ" ಅಂದರು.

ಕೆಳಗಿಳಿದು ಒಂದೊಂದನ್ನೂ ತಿರುಗಿಸಿ ನೋಡಿದೆ. ಒಂದು ಕಸ ಇರಲಿಲ್ಲ, ನಾನೂ ಅಷ್ಟು ಚೊಕ್ಕಟವಾಗಿ ತೊಳೆದವಳಲ್ಲ.

"ಇನ್ನೊಂದು ಸಲ ತೊಳೀರಿ" ಅಂದೆ.